ಇಂದಿನ ಚಿಂತನೆ: ಆರು ದಿನದ ಗಾಲಿ



ಇಂದಿನ ಓದು ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿರುವ ರಥಕಾರ ಸುತ್ತ. ಭಗವಾನ್ ಬುದ್ಧರು ವಾರಾಣಸಿ ಬಳಿಯ ಇಸಿಪತನದಲ್ಲಿ ಭಿಕ್ಖುಗಳಿಗೆ ಹೇಳಿದ ಕಥೆ. ಪಚೇತನನೆಂಬ ರಾಜ ತನ್ನ ರಥಕಾರನನ್ನು ಕರೆದು, ಇನ್ನು 6 ತಿಂಗಳಿಗೆ ಯುದ್ಧವಿದೆ, ಒಂದು ಜೊತೆ ಗಾಲಿ ಮಾಡಿಕೊಡುವೆಯಾ ಎಂದು ಕೇಳುತ್ತಾನೆ. ಗಡುವಿಗೆ 6 ದಿನ ಉಳಿದಾಗ ನೋಡಿದರೆ ಒಂದೇ ಗಾಲಿ ಮುಗಿದಿದೆ. ಎರಡನೆಯದನ್ನು ರಥಕಾರ ಆ 6 ದಿನದಲ್ಲೇ ಮುಗಿಸಿಕೊಡುತ್ತಾನೆ. ಎರಡರಲ್ಲಿ ಏನು ವ್ಯತ್ಯಾಸ, ನನಗೇನೂ ಕಾಣುತ್ತಿಲ್ಲವಲ್ಲ ಎನ್ನುತ್ತಾನೆ ರಾಜ. ರಥಕಾರ ಉರುಳಿಸಿ ತೋರಿಸುತ್ತಾನೆ. 6 ದಿನದ ಗಾಲಿ ತಳ್ಳಿದ ರಭಸ ಇರುವವರೆಗೆ ಓಡಿ, ಓಲಾಡಿ, ನೆಲಕ್ಕೆ ಬಿತ್ತು. ಇನ್ನೊಂದು ರಭಸ ತೀರಿದ ಮೇಲೂ ಅಚ್ಚಿಗೆ ಕೂಡಿಸಿದಂತೆ ನಿಂತಿತು. ಬಿದ್ದ ಗಾಲಿಯ ಸುತ್ತು, ಅರೆ, ಗುಂಬ ಮೂರರಲ್ಲೂ ಸೊಟ್ಟ ಉಳಿದಿತ್ತು.

ಈ ಸುತ್ತವನ್ನು ಎಷ್ಟೋ ಸಲ ಓದಿದ್ದೇನೆ. ಈ ತಿಂಗಳು ಮಾತ್ರ ಅದು ನಮ್ಮ ಮನೆಯ ಅಂಗಳದಲ್ಲೇ ಬಿಚ್ಚಿ ಹರಡಿಕೊಂಡಿದೆ.

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಹುಚ್ಚು ನಿಮಗೆ ಗೊತ್ತೇ ಇದೆ. ನಮ್ಮ ಓಣಿಯ ಹುಡುಗಿಯೊಬ್ಬಳು ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಹೋಗಬೇಕಂತಾಳೆ. ಹೊಸ ರೇಸ್ ಸೈಕಲ್ ಅವಳ ಅವ್ವನ ಕೂಲಿಗೆ ನಿಲುಕದು. ರೇಸ್ ಬಿಟ್ಟ ಹುಡುಗನೊಬ್ಬನ ಹಳೆಯ ರೋಡ್ ಬೈಕ್ 6,000 ರೂಪಾಯಿಗೆ ಸಿಕ್ಕಿತು, ನಾಲ್ಕು ಮಂದಿ ಕೂಡಿ ಕೊಟ್ಟೆವು. ಬಿಚ್ಚಿ ಜೋಡಿಸುವುದು ನನ್ನ ಪಾಲಿಗೆ ಬಂತು. ಎಂ.ಎ. ಕನ್ನಡದಲ್ಲಿ ಸ್ಪ್ಯಾನರ್ ಬಗ್ಗೆ ಒಂದು ಪತ್ರಿಕೆಯೂ ಇರಲಿಲ್ಲ!

ಹೊಸದಾಗಿ ಮಾಡುವವರಿದ್ದರೆ ಕೇಳಿ. ಮೊದಲು ಫ್ರೇಮ್ ಒರೆಸಿ, ವೆಲ್ಡಿಂಗ್ ಇರುವ ಕಡೆಯಲ್ಲೆಲ್ಲ, ಅದರಲ್ಲೂ ಹ್ಯಾಂಡಲ್ ಕೆಳಗೆ ಮತ್ತು ಪೆಡಲ್ ಅಚ್ಚಿನ ಸುತ್ತ, ಬಿರುಕು ಹುಡುಕಬೇಕು. ಬಿರುಕಿದ್ದರೆ ಆ ಸೈಕಲ್ ಬೇಡ. ಬಣ್ಣ ಬಳಿದು ಮುಚ್ಚುವುದು ಓಡಿಸುವವರಿಗೆ ಮಾಡುವ ಮೋಸ. ಎಡ ಪೆಡಲಿನ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಚೈನನ್ನು ಸ್ಕೇಲಿನಿಂದ ಅಳೆಯಬಹುದು: ಹೊಸದರಲ್ಲಿ ಒಂದು ಪಿನ್ನಿನಿಂದ 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು. ಇಂಚಿನ 16ರಲ್ಲಿ ಒಂದು ಭಾಗ ಹೆಚ್ಚಿದರೆ ಚೈನ್ ಬದಲಿಸಬೇಕು. 8ರಲ್ಲಿ ಒಂದು ಭಾಗ ಹೆಚ್ಚಿದರೆ ಹಿಂದಿನ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ಹಳೆಯ ಬ್ರೇಕ್ ವೈರು, ಬ್ರೇಕ್ ರಬ್ಬರು, ಬಿರಿದ ಟೈರು, ಇವನ್ನು ನಂಬಲೇಬೇಡಿ. ಇಳುಕಲಿನಲ್ಲಿ ಆ ಹುಡುಗಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವವಳು.

ಗಾಲಿಯದೇ ದೊಡ್ಡ ಕೆಲಸ. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಗಾಲಿ ತಿರುಗಿಸಿದರೆ, ರಿಮ್ ಎಲ್ಲಿ ಬ್ರೇಕ್ ರಬ್ಬರಿಗೆ ತಾಗುತ್ತದೋ ಅಲ್ಲಿ ಬೆಂಡ್. ಬಲಕ್ಕೆ ಬಾಗಿದ್ದರೆ ಅಲ್ಲಿನ ಎಡಗಡೆ ಕಡ್ಡಿ ಬಿಗಿಸಬೇಕು, ಬಲಗಡೆಯದನ್ನು ಸಡಿಲಿಸಬೇಕು. ಒಂದು ಕಡ್ಡಿಯ ಎಳೆತ ಬದಲಾದರೆ ಪಕ್ಕದ ಕಡ್ಡಿಗಳದ್ದೂ ಬದಲಾಗುತ್ತದೆ. ಪಂಕ್ಚರ್ ಅಂಗಡಿಯ ಕಾಕಾ ಒಂದೇ ಮಾತು ಹೇಳಿಕೊಟ್ಟರು: "ಕಾಲು ಸುತ್ತು ತಿರುವ್ರಿ ಸರ್, ಗಾಲಿ ತಿರುಗಿಸಿ ನೋಡ್ರಿ, ಮತ್ತ ಕಾಲು ಸುತ್ತು. ಅವಸರ ಮಾಡಿದ್ರ ಎಂಟಿನ ಆಕಾರ ಆಗ್ತದ." ಹಿಂದಿನ ಗಾಲಿಗೆ ಮೂರು ಸಂಜೆ ಹಿಡಿಯಿತು.

ಹೀಗೆ ಕೂತಿದ್ದಾಗ ಪರಿಚಿತರೊಬ್ಬರು, "ಮಾಸ್ತರಾಗಿ ಇದೇನ್ರಿ ಗ್ರೀಸ್ ಕೆಲಸ? ಅಪ್ಪ ಇದಕ್ಕ ಓದಿಸಿದ್ರೇನು?" ಅಂದರು. ಚುಚ್ಚಿತು, ಯಾಕೆಂದರೆ ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ನಮ್ಮ ಹಿರಿಯರು ಮಾಡಿದ ಕೈಕೆಲಸ ಅವರು ಆರಿಸಿಕೊಂಡದ್ದಲ್ಲ, ಹುಟ್ಟಿನ ಜೊತೆ ಕಟ್ಟಿದ್ದು. ನಮಗೆ ಅಕ್ಷರ ಕಲಿಸಿದ್ದು ಅದರಿಂದ ಬಿಡಿಸಲೆಂದೇ. ಜಾತಿಯೆಂದರೆ ಕೇವಲ ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರು. ಬಿಡಬೇಕಾದದ್ದು ಆ ಕಟ್ಟನ್ನು. ಸ್ಪ್ಯಾನರ್ ಹಿಡಿಯಲು ನಾಚಿದರೆ ಕಟ್ಟಿದವರ ಲೆಕ್ಕವನ್ನೇ ನಾವೂ ಒಪ್ಪಿದಂತಾಗುತ್ತದೆ ಎಂದು ನನಗನ್ನಿಸುತ್ತದೆ.

ಈಗ ಸುತ್ತದ ಕೊನೆಯನ್ನು ನೋಡಿ. ಅಂದಿನ ಸಮಾಜ ಕೀಳೆಂದು ಕರೆದ ಕುಲಗಳನ್ನು ನಿಕಾಯಗಳು ಹೆಸರಿಸುತ್ತವೆ: ಚಂಡಾಲ, ನೇಸಾದ, ವೇಣ, ರಥಕಾರ, ಪುಕ್ಕುಸ. ಆ ಪಟ್ಟಿಯಲ್ಲಿರುವ ರಥಕಾರನೇ ಅಂದು ತಾನಾಗಿದ್ದೆ ಎನ್ನುತ್ತಾರೆ ಬುದ್ಧರು. ಅಂದು ಮರದ ಸೊಟ್ಟ ತೆಗೆಯುವುದರಲ್ಲಿ ನಿಪುಣ, ಇಂದು ಕಾಯ, ಮಾತು, ಮನಸ್ಸಿನ ಸೊಟ್ಟ ತೆಗೆಯುವುದರಲ್ಲಿ. ಹಿಂದಿನ ಜನ್ಮದ ಮಾತನ್ನು ನವಯಾನದ ನಾವು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಕಥೆಯಲ್ಲಿ ಒಬ್ಬ ರಾಜನೂ ಇದ್ದ, ಅವರು ತಮ್ಮನ್ನು ಗುರುತಿಸಿಕೊಂಡದ್ದು ಅವನ ಜೊತೆಗಲ್ಲ.

ಮುಂದಿನ ಗಾಲಿ ಇನ್ನೂ ಬಾಕಿ ಇದೆ. ಹುಡುಗಿ ದಿನಾ ಸಂಜೆ ಬಂದು "ಆತೇನ್ರಿ ಸರ್?" ಅಂತ ಕೇಳುತ್ತಿದ್ದಳು, ನಿನ್ನೆ ಕಡ್ಡಿ ತಿರುವುವ ಕೀಲಿಯನ್ನು ಅವಳ ಕೈಗೇ ಕೊಟ್ಟೆ. ಹಬ್ ಬಿಚ್ಚಲು 13 ಮಿ.ಮೀ.ನ ತೆಳು ಕೋನ್ ಸ್ಪ್ಯಾನರ್ ಬೇಕಾಗಿದೆ. ಯಾರಲ್ಲಾದರೂ ಇದ್ದರೆ ಭಾನುವಾರ ವಂದನೆಗೆ ಬರುವಾಗ ತನ್ನಿ.

ಸಾಧು, ಸಾಧು, ಸಾಧು. ಜೈ ಭೀಮ್ 💙