ಹತ್ತಿ ಬರುವ ದಾರಿ ಮೊದಲು ನೋಡಿ

ಬೆಂಗಳೂರಿನ ಕೊಡಿಗೇಹಳ್ಳಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಮುಟ್ಟಲು ಸುಮಾರು ಮುನ್ನೂರು ಕಿಲೋಮೀಟರ್ ದಾಟಬೇಕು. ಆದರೂ ಸಹಕಾರನಗರ, ಯಲಹಂಕ, ಹೆಬ್ಬಾಳದ ಕಡೆಯಿಂದ ಸ್ಕೂಬಾ ಕಲಿಯಲು ಬರುವವರು ಹೆಚ್ಚುತ್ತಲೇ ಇದ್ದಾರೆ. ಈಜುಕೊಳದಲ್ಲಿ ಅಭ್ಯಾಸ, ನೇತ್ರಾಣಿ ದ್ವೀಪದಲ್ಲಿ ಹಗಲಿನ ಡೈವ್, ಆಮೇಲೆ ರಾತ್ರಿ ಡೈವ್‌ನ ಆಸೆ. ಎಲ್ಲರೂ ಕೇಳುವುದು ಒಂದೇ: ‘ಎಲ್ಲಿ ಇಳಿದರೆ ಏನೇನು ಕಾಣುತ್ತೆ ಸರ್?’ ಆ ಪಟ್ಟಿ ಆಮೇಲಿನ ಮಾತು. ಕತ್ತಲಲ್ಲಿ, ದಣಿದ ಕಾಲಲ್ಲಿ, ಬೆನ್ನ ಮೇಲೆ ಸಿಲಿಂಡರ್ ಹೊತ್ತು ಎಲ್ಲಿ ಹತ್ತಿ ಬರಬಹುದು ಎಂಬುದು ಮೊದಲು ತೀರ್ಮಾನವಾಗಲಿ.

1. ನಮ್ಮ ಕರಾವಳಿಯ ದಡದಿಂದ ರಾತ್ರಿ ಇಳಿಯಬೇಡಿ.
ನೇತ್ರಾಣಿಗೆ ಡೈವರುಗಳು ಹೋಗುತ್ತಾರಲ್ಲ, ಮುರುಡೇಶ್ವರದ ದಡದಲ್ಲೇ ಯಾಕೆ ಆಗದು ಎಂದು ಕೇಳುವವರಿದ್ದಾರೆ. ನೇತ್ರಾಣಿ ಇರುವುದು ದಡದಿಂದ ಸುಮಾರು 19 ಕಿಲೋಮೀಟರ್ ಆಚೆ. ಹವಳ, ತಿಳಿನೀರು ಇರುವುದು ಆ ಬಂಡೆದ್ವೀಪದ ಸುತ್ತ. ಇತ್ತ ದಡದಲ್ಲಿ ಮರಳು, ಒಡೆಯುವ ಅಲೆ, ನದಿಗಳು ತಂದು ಸುರಿಯುವ ಕೆಸರು. ಟಾರ್ಚ್ ಬಿಟ್ಟರೆ ಬೆಳಕು ಕೆಸರಿನ ಕಣಗಳಿಗೇ ಬಡಿದು ಕಣ್ಣಿಗೆ ಮರಳುತ್ತದೆ, ಎದುರಿಗಿರುವ ಜೊತೆಗಾರನೂ ಕಾಣುವುದಿಲ್ಲ. ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿ ಎಷ್ಟೋ ಸಲ ನೀರು ಕಡಲಿನತ್ತ ಎಳೆದೊಯ್ಯುವ ದಾರಿಯಾಗಿರುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಹಗಲಲ್ಲೇ ಅಷ್ಟು ಮೋಸ ಮಾಡುವ ದಡವನ್ನು ರಾತ್ರಿ ನಂಬಲಾಗದು. ದಡದಿಂದ ನಡೆದು ಇಳಿಯುವ ರಾತ್ರಿ ಡೈವ್ ಬೇಕೆಂದರೆ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ, ಅಂದರೆ ಹಿಂದಿನ ಹ್ಯಾವ್‌ಲಾಕ್‌ಗೆ, ಅಥವಾ ಬಾಲಿಯ ತುಲಂಬೆನ್‌ಗೆ ಹೋಗಿ.

2. ಅದೇ ದಡದಲ್ಲಿ ಅದೇ ದಿನ ಹಗಲು ಇಳಿದು, ಹತ್ತಿ ಬನ್ನಿ.
ತುಲಂಬೆನ್ ಇದಕ್ಕೆ ಒಳ್ಳೆಯ ಪಾಠಶಾಲೆ. 1942ರ ಜನವರಿಯಲ್ಲಿ ಜಪಾನಿ ಸಬ್‌ಮರೀನಿನ ಟಾರ್ಪಿಡೋ ತಗುಲಿದ ಅಮೆರಿಕದ ‘ಲಿಬರ್ಟಿ’ ಹಡಗನ್ನು ಎಳೆದು ತಂದು ಅಲ್ಲಿನ ದಡಕ್ಕೆ ಹತ್ತಿಸಿದ್ದರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಜಾರಿ ನೀರಿಗಿಳಿಯಿತು. ಇವತ್ತಿಗೂ ದಡದಿಂದ ಹತ್ತಾರು ಮೀಟರ್ ದೂರದಲ್ಲಷ್ಟೇ ಮಲಗಿದೆ. ಇಳಿಯುವುದು ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಆ ದಡದ ತುಂಬ ಇರುವುದು ಕಪ್ಪು ಗುಂಡುಕಲ್ಲು. ಮೊಣಕಾಲುದ್ದ ನೀರಲ್ಲಿ ಅಲೆ ಹಿಂದೆ ಸರಿದಾಗ ಪಾದದಡಿಯ ಕಲ್ಲುಗಳೂ ಗರಗರ ಉರುಳುತ್ತಾ ಜೊತೆಗೇ ಸರಿಯುತ್ತವೆ. ಫಿನ್ ಬಿಚ್ಚಲು ಒಂಟಿ ಕಾಲಲ್ಲಿ ನಿಂತವರು ಬೀಳುವುದು ಆಗಲೇ.

ಹಾಗಾಗಿ ಹೋದ ಕೂಡಲೇ ಸಲಕರಣೆ ಬಿಚ್ಚದೆ ದಡದಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಿ. ಅಲೆಗಳು ಗುಂಪಾಗಿ ಬರುತ್ತವೆ: ನಾಲ್ಕಾರು ದೊಡ್ಡವು, ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಹತ್ತು ಹೆಜ್ಜೆ ಹಾಕಲು ಆಗುತ್ತದೆಯೇ ನೋಡಿ. ಆಗದಿದ್ದರೆ ಆ ಜಾಗ ಬೇಡ. ನೀರೊಳಗೆ ಎಂಥ ಚೆಂದದ ಹವಳವಿದ್ದರೂ ಬೇಡ. ಮುಖ್ಯ ದಾರಿ ಕೈಕೊಟ್ಟರೆ ಹತ್ತಲು ಪಕ್ಕದಲ್ಲಿ ಇನ್ನೊಂದು ಜಾಗವೂ ಇರಬೇಕು. ಎರಡರ ದಿಕ್ಕನ್ನೂ ಕಂಪಾಸ್‌ನಲ್ಲಿ ನೋಡಿ ಸ್ಲೇಟಿನ ಮೇಲೆ ಬರೆದುಕೊಳ್ಳಿ.

3. ಪಂಚಾಂಗ ನೋಡಿ.
ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ-ಇಳಿತದ ಅಂತರ ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ಎರಡೂ ತಗ್ಗುತ್ತವೆ. ಮೊದಲ ರಾತ್ರಿ ಡೈವ್‌ಗೆ ನಾನು ಅಷ್ಟಮಿ, ನವಮಿಯನ್ನೇ ಆರಿಸುತ್ತೇನೆ. ಬೆಳದಿಂಗಳು ಚೆಂದ ಎಂದು ಹುಣ್ಣಿಮೆಗೇ ಟಿಕೆಟ್ ಮಾಡಿಸುವವರಿಗೆ ಈ ಮಾತು ಹಿಡಿಸುವುದಿಲ್ಲ.

ಗಂಟೆಯ ಲೆಕ್ಕಕ್ಕೆ ಸ್ಥಳೀಯ ಉಬ್ಬರವಿಳಿತದ ಪಟ್ಟಿಯೇ ಬೇಕು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಹೊತ್ತು ಇವತ್ತಿಗೆ ನಡೆಯುವುದಿಲ್ಲ. ಹ್ಯಾವ್‌ಲಾಕ್‌ನ ಕೆಲವು ದಡಗಳಲ್ಲಿ ಇಳಿತವಾದರೆ ನೀರು ಬಹುದೂರ ಸರಿದು ಬಂಡೆ, ಸತ್ತ ಹವಳ ಮೇಲೇಳುತ್ತವೆ. ಭರತದಲ್ಲಿ ತೇಲಿ ದಾಟಿದ ಜಾಗವನ್ನು ಹಿಂತಿರುಗುವಾಗ ಮುಳ್ಳು ಕೆದರಿದ ಸೀ ಅರ್ಚಿನ್‌ಗಳ ನಡುವೆ ನಡೆದು ದಾಟಬೇಕಾಗುತ್ತದೆ. ಲೆಕ್ಕವನ್ನು ಹೊರಬರುವ ಹೊತ್ತಿಗೆ ಇಟ್ಟುಕೊಳ್ಳಿ: ಭರತ ತುಂಬಿ ನೀರು ನಿಂತಾಗ ನೀವು ದಡದಲ್ಲಿರಬೇಕು. ಚಳಿಗಾಲದಲ್ಲಿ ಅಂಡಮಾನಿನ ಸೂರ್ಯ ಸಂಜೆ ಐದರ ಹೊತ್ತಿಗೇ ಮುಳುಗುತ್ತಾನೆ. ಮುಸ್ಸಂಜೆಯಲ್ಲಿ ಇಳಿದರೆ ಏಳರೊಳಗೆ ಊಟಕ್ಕೆ ಕೂರಬಹುದು. ನಡುರಾತ್ರಿಯವರೆಗೆ ಕಾಯಬೇಕಾದ ಕಾರಣವೇ ಇಲ್ಲ.

4. ಅಳಿವೆಯಿಂದ ದೂರ ಇರಿ.
ನದಿಯೋ ಹಳ್ಳವೋ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ನೀರು ರಭಸದಿಂದ ಹೊರಕ್ಕೆ ನುಗ್ಗುತ್ತದೆ. ಅಂಡಮಾನಿನಲ್ಲಿ ಇನ್ನೊಂದು ಕಾರಣವಿದೆ. ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದ ಹಳ್ಳಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅವು ಬೇಟೆಗೆ ಹೊರಡುವುದು ಹೆಚ್ಚಾಗಿ ರಾತ್ರಿ. 2010ರಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನ ಪಕ್ಕದಲ್ಲೇ ಸ್ನಾರ್ಕೆಲ್ ಮಾಡುತ್ತಿದ್ದ ವಿದೇಶಿ ಮಹಿಳೆಯೊಬ್ಬರು ಮೊಸಳೆಗೆ ಬಲಿಯಾದರು. ಮೊಸಳೆ ಕಂಡ ಸುದ್ದಿ ಇದೆಯೇ ಎಂದು ಅದೇ ದಿನ ವಿಚಾರಿಸಿ. ಇದ್ದರೆ ಆ ವಾರ ಆ ದಡವನ್ನೇ ಮರೆತುಬಿಡಿ.

5. ದಡದಲ್ಲಿ ನಿಮ್ಮದೇ ಎರಡು ದೀಪ, ನಿಮ್ಮದೇ ಒಬ್ಬ ಮನುಷ್ಯ.
ರೆಸಾರ್ಟಿನ ದೀಪ ನಂಬಬೇಡಿ. ಕರೆಂಟು ಹೋಗುತ್ತದೆ, ಹೊತ್ತಾದ ಮೇಲೆ ಅವರೇ ಆರಿಸುತ್ತಾರೆ, ಕಡಲಿನಿಂದ ನೋಡಿದರೆ ಎಲ್ಲ ದೀಪಗಳೂ ಒಂದೇ ಥರ. ನೀರಂಚಿನಲ್ಲಿ ಒಂದು, ಅದರ ಹಿಂದೆ ಎತ್ತರದಲ್ಲಿ ಇನ್ನೊಂದು ದೀಪ ಇಡಿ. ಬಣ್ಣ ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಒಂದರ ಮೇಲೊಂದು ಕಂಡರೆ ನೀವು ಸರಿಯಾದ ಸಾಲಿನಲ್ಲಿದ್ದೀರಿ. ಬೇರೆಯಾಗಿ ಕಂಡರೆ ನೀರು ನಿಮ್ಮನ್ನು ಪಕ್ಕಕ್ಕೆ ಒಯ್ದಿದೆ. ದಡದಲ್ಲಿ ಕೂರುವವರಿಗೆ ನೀವು ಹೊರಬರುವ ಹೊತ್ತು, ತಡವಾದರೆ ಮಾಡಬೇಕಾದ ಫೋನು ಎರಡೂ ಗೊತ್ತಿರಬೇಕು. ಆಮೆಗಳು ಮೊಟ್ಟೆಯಿಡುವ ದಡದಲ್ಲಿ ದೀಪ ಇಡುವಂತಿಲ್ಲ, ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ಹೋಗುತ್ತವೆ. ನಮ್ಮ ಹೊನ್ನಾವರದ ಕಾಸರಕೋಡು ಅಂಥದೊಂದು ದಡ. ದೀಪ ಇಡಲಾಗದ ಕಡೆ ರಾತ್ರಿ ಡೈವೂ ಬೇಡ.

6. ಮೀನುಗಾರರನ್ನು ಕೇಳಿ.
ಬಲೆ ಎಲ್ಲಿ ಬಿಟ್ಟಿದ್ದಾರೆ, ದೋಣಿ ಯಾವ ಹೊತ್ತಿಗೆ ಬರುತ್ತದೆ ಎನ್ನುವುದು ಅವರಿಗೆ ಮಾತ್ರ ಗೊತ್ತು. ಕತ್ತಲಲ್ಲಿ ನೈಲಾನ್ ಬಲೆ ಕಣ್ಣಿಗೆ ಬೀಳುವುದು ಅದು ಸಿಲಿಂಡರಿನ ವಾಲ್ವಿಗೆ ಸಿಕ್ಕಿಕೊಂಡ ಮೇಲೆ. ‘ನೀರು ಎಳೀತದೆ, ಇವತ್ತು ಬೇಡ’ ಎಂದು ದೋಣಿಯವರು ಹೇಳಿದ ದಿನ ನಾನು ವಾದ ಮಾಡುವುದಿಲ್ಲ. ಜೊತೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆಯನ್ನೂ ನೋಡಿ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಎದ್ದ ಅಲೆ, ಇಲ್ಲಿ ಎಲೆಯೂ ಅಲ್ಲಾಡದ ದಿನ ದಡಕ್ಕೆ ನುಗ್ಗುವುದುಂಟು. ಕೇರಳದವರ ಕಳ್ಳಕ್ಕಡಲ್ ಅದೇ.

7. ಬೆಂಗಳೂರು ಎತ್ತರದಲ್ಲಿದೆ ಎಂಬುದು ನೆನಪಿರಲಿ.
ಡೈವ್ ಮುಗಿದ ಮೇಲೂ ದೇಹದಲ್ಲಿ ನೈಟ್ರೋಜನ್ ಉಳಿದಿರುತ್ತದೆ. ಬೇಗ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ವಿಮಾನ ಹತ್ತುವ ಮುನ್ನ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಆದರೆ 18 ಗಂಟೆ ಕಾಯಬೇಕು. ರಾತ್ರಿ ಎಂಟಕ್ಕೆ ನೀರಿನಿಂದ ಎದ್ದವರಿಗೆ ಮರುದಿನ ಬೆಳಗಿನ ವಿಮಾನ ಆಗುವುದೇ ಇಲ್ಲ. ಈ ಸಲಹೆ ಅನ್ವಯಿಸುವುದು 600 ಮೀಟರಿನಿಂದ ಮೇಲಿನ ಎತ್ತರಕ್ಕೆ. ನಮ್ಮ ಊರು ಸುಮಾರು 900 ಮೀಟರಿನಲ್ಲಿದೆ. ನೇತ್ರಾಣಿಯಲ್ಲಿ ಮಧ್ಯಾಹ್ನದವರೆಗೆ ಎರಡು ಡೈವ್ ಮಾಡಿ ಅಂದೇ ರಾತ್ರಿ ರೈಲು ಹತ್ತಿದರೆ, ಅದು ಸಕಲೇಶಪುರದ ಘಾಟಿ ಏರುವಾಗ ಆ 18 ಗಂಟೆ ತುಂಬಿರುವುದಿಲ್ಲ. ರಾತ್ರಿ ಡೈವ್ ಇಟ್ಟುಕೊಂಡರೆ ಒಂದು ದಿನದ ರಜೆ ಹೆಚ್ಚು ಹಾಕಿ.

8. ಗಾಡಿ ದಡದವರೆಗೆ ಬರಬೇಕು.
ಕಾಡುದಾರಿಯಲ್ಲಿ ಅರ್ಧ ಗಂಟೆ ನಡೆದು ಮುಟ್ಟುವ ಚೆಂದದ ಕೊಲ್ಲಿ ಹಗಲಿಗಿರಲಿ. ಹತ್ತಿರದ ಆಸ್ಪತ್ರೆ ಯಾವುದು, ಡೈವರುಗಳ ಚಿಕಿತ್ಸೆಗೆ ಬೇಕಾದ ರಿಕಂಪ್ರೆಷನ್ ಚೇಂಬರ್ ಎಲ್ಲಿದೆ, ರಾತ್ರಿ ದ್ವೀಪದಿಂದ ದೋಣಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಡಿ. ಆಕ್ಸಿಜನ್ ಕಿಟ್ ಅಂಗಡಿಯಲ್ಲಿದೆ ಎಂದರೆ ಸಾಲದು. ದಡಕ್ಕೆ ತರಿಸಿ, ಇಳಿಯುವ ಮುನ್ನ ನೀವೇ ವಾಲ್ವ್ ತೆರೆದು ಗೇಜ್ ನೋಡಿ.