ಮುರಿದ ಹಲ್ಲು: ಅಂಗಳದಲ್ಲಿ ಮೊದಲ ಅರ್ಧ ಗಂಟೆ ಮತ್ತು ಆಮೇಲಿನ ಚಿಕಿತ್ಸೆ

ಕಬಡ್ಡಿಯ ಅಂಕಣದಲ್ಲಾಗಲಿ, ಮಳೆಗಾಲದಲ್ಲಿ ಪಾಚಿಗಟ್ಟಿದ ಕೆಂಪುಕಲ್ಲಿನ ಮೆಟ್ಟಿಲ ಮೇಲಾಗಲಿ ಮಗು ಮುಗ್ಗರಿಸಿ ಬಿದ್ದಾಗ ಸಾಮಾನ್ಯವಾಗಿ ಏಟು ತಗಲುವುದು ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳಿಗೆ. ಆ ಹೊತ್ತಿನಲ್ಲಿ ಮಗುವಿನ ಬಾಯಿಯನ್ನು ಮೊದಲು ನೋಡುವವರು ದಂತವೈದ್ಯರಲ್ಲ, ಶಿಕ್ಷಕರು. “ಅಳಬೇಡ, ಇನ್ನೊಂದು ಹಲ್ಲು ಬರುತ್ತದೆ” ಎಂಬ ಸಮಾಧಾನದ ಮಾತು ಐದು ವರ್ಷದ ಮಗುವಿನ ಮಟ್ಟಿಗೆ ನಿಜ. ಒಂಬತ್ತು ವರ್ಷದ ಮಗುವಿನ ಮಟ್ಟಿಗೆ ಅದು ನಿಜವಲ್ಲ. ಆ ಮಾತನ್ನು ನಂಬಿ ಹಲ್ಲಿನ ಚೂರನ್ನು ಕಸದ ಬುಟ್ಟಿಗೆ ಹಾಕಿದರೆ ಉಳಿಸಬಹುದಾಗಿದ್ದುದು ಉಳಿಯುವುದಿಲ್ಲ.

ಆದುದರಿಂದ ಮೊದಲು ತಿಳಿಯಬೇಕಾದುದು ಪೆಟ್ಟಾದ ಹಲ್ಲು ಹಾಲುಹಲ್ಲೋ ಶಾಶ್ವತ ಹಲ್ಲೋ ಎಂಬುದು. ಮೇಲಿನ ನಡುವಣ ಶಾಶ್ವತ ಬಾಚಿಹಲ್ಲುಗಳು ಸುಮಾರು 7ರಿಂದ 8ನೆಯ ವಯಸ್ಸಿನಲ್ಲಿ ಮೂಡುತ್ತವೆ. ಎರಡನೆಯ, ಮೂರನೆಯ ತರಗತಿಯ ಮಗುವಿನ ಬಾಯಿಯಲ್ಲಿ ಎರಡು ಬಗೆಯ ಹಲ್ಲುಗಳೂ ಜೊತೆಯಲ್ಲೇ ಇರುವುದರಿಂದ ಗೊಂದಲವಾಗುವುದು ಸಹಜ. ಹಾಲುಹಲ್ಲು ಚಿಕ್ಕದು, ಹೆಚ್ಚು ಬಿಳಿಯದು, ಅಂಚು ಸವೆದು ನುಣುಪಾದುದು. ಹೊಸದಾಗಿ ಬಂದ ಶಾಶ್ವತ ಹಲ್ಲು ಅಗಲವಾಗಿದ್ದು ತುಸು ಹಳದಿ ಛಾಯೆ ಹೊಂದಿರುತ್ತದೆ. ಅದರ ಅಂಚಿನಲ್ಲಿ ಗರಗಸದಂತೆ ಮೂರು ಸಣ್ಣ ಉಬ್ಬುಗಳು ಕಾಣುತ್ತವೆ. ಬಿದ್ದ ಹಲ್ಲನ್ನು ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ವಾಡಿಕೆ ಹಾಲುಹಲ್ಲಿಗೆ ಹೊಂದುವಂಥದು. ಅದರಿಂದ ಯಾವ ಹಾನಿಯೂ ಇಲ್ಲ. ಗರಗಸದಂಚಿನ ಹಲ್ಲು ಮಾತ್ರ ಮಾಡಿಗೆ ಹೋಗಬಾರದು.

ಹಲ್ಲಿನ ರಚನೆಯನ್ನು ತರಗತಿಯಲ್ಲಿ ವಿವರಿಸಲು ತೆಂಗಿನಕಾಯಿ ಒಳ್ಳೆಯ ಸಾಧನ. ಹೊರಗಿನ ಗಟ್ಟಿ ಕರಟದ ಸ್ಥಾನದಲ್ಲಿ ಎನಾಮಲ್, ಬಿಳಿಯ ಕೊಬ್ಬರಿಯ ಸ್ಥಾನದಲ್ಲಿ ಡೆಂಟಿನ್, ಒಳಗಿನ ನೀರಿನ ಸ್ಥಾನದಲ್ಲಿ ನರ ಮತ್ತು ರಕ್ತನಾಳಗಳುಳ್ಳ ದಂತಮಜ್ಜೆ. ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಅದರಲ್ಲಿ ಜೀವಕೋಶಗಳಿಲ್ಲದ ಕಾರಣ ಮುರಿದ ಎಲುಬು ಕೂಡಿಕೊಳ್ಳುವಂತೆ ಅದು ಕೂಡಿಕೊಳ್ಳುವುದಿಲ್ಲ. ಡೆಂಟಿನಿನ ತುಂಬ ದಂತಮಜ್ಜೆಯತ್ತ ಸಾಗುವ ಅತಿ ಸೂಕ್ಷ್ಮ ನಾಳಗಳಿವೆ. ಮುರಿದ ಹಲ್ಲಿಗೆ ತಣ್ಣೀರು ತಾಗಿದಾಗ ಜುಮ್ಮೆನ್ನುವುದು ಇವುಗಳಿಂದಲೇ. ರೋಗಾಣುಗಳು ಒಳನುಗ್ಗುವ ದಾರಿಯೂ ಇವೇ. ಮುರಿದ ಜಾಗ ಬರಿಯ ಬಿಳುಪಾಗಿದ್ದರೆ ಕರಟ ಮಾತ್ರ ಚಕ್ಕೆಯೆದ್ದಿದೆ ಎಂದು ತಿಳಿಯಬಹುದು. ನಡುವೆ ಹಳದಿ ಕಂಡರೆ ಡೆಂಟಿನ್ ತೆರೆದಿದೆ. ಕೆಂಪು ಚುಕ್ಕೆಯೋ ರಕ್ತದ ಹನಿಯೋ ಕಂಡರೆ ದಂತಮಜ್ಜೆಯವರೆಗೆ ಮುರಿದಿದೆ. ಆಗ ಅದೇ ದಿನ ವೈದ್ಯರ ಬಳಿಗೆ ಹೋಗಲೇಬೇಕು.

ಹಲ್ಲಿಗಿಂತ ಮೊದಲು ತಲೆ. ಮಗು ಪ್ರಜ್ಞೆ ತಪ್ಪಿದ್ದರೆ, ವಾಂತಿ ಮಾಡಿದರೆ, ಬಾಯಿ ಮುಚ್ಚಲು ತೆರೆಯಲು ಆಗದಿದ್ದರೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದಂತೆ, ಬಾಯಿ ಮುಕ್ಕಳಿಸಿ, ಶುಚಿಯಾದ ಬಟ್ಟೆಯನ್ನು ಒತ್ತಿಹಿಡಿದು ರಕ್ತ ನಿಲ್ಲಿಸಿ, ಚೂರನ್ನು ಹುಡುಕಬೇಕು. ಚೂರು ಸಿಗದೆ ತುಟಿ ಸೀಳಿದ್ದರೆ ಅದು ತುಟಿಯೊಳಗೇ ಹುದುಗಿರಬಹುದು; ಈ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಮಗು ಬಿಡದೆ ಕೆಮ್ಮುತ್ತಿದ್ದರೆ ಚೂರು ಶ್ವಾಸನಾಳಕ್ಕೆ ಹೋಗಿರುವ ಶಂಕೆಯಿಂದ ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯಬೇಕು. ಸಿಕ್ಕ ಚೂರನ್ನು ಕಾಗದದಲ್ಲಿ ಸುತ್ತಿಡದೆ ಹಾಲಿನಲ್ಲಿ ಇಡತಕ್ಕದ್ದು. ಒಣಗಿದ ಚೂರು ಬಣ್ಣಗೆಡುತ್ತದೆ, ಅಂಟಿಸಿದರೂ ಬಿಗಿಯಾಗಿ ನಿಲ್ಲುವುದಿಲ್ಲ.

ಶಾಶ್ವತ ಹಲ್ಲು ಬೇರುಸಮೇತ ಕಳಚಿ ಬಿದ್ದಿದ್ದರೆ ನಿಮಿಷಗಳ ಲೆಕ್ಕ. ಬೇರಿನ ಮೇಲಿರುವ ತೆಳುಪೊರೆಯ ಜೀವಕೋಶಗಳು ಬದುಕಿದ್ದರಷ್ಟೆ ಹಲ್ಲು ಮತ್ತೆ ಸರಿಯಾಗಿ ನೆಲೆಗೊಳ್ಳುತ್ತದೆ. ಒಣಗಾಳಿಯಲ್ಲಿ 60 ನಿಮಿಷ ಕಳೆದರೆ ಅವು ಉಳಿಯುವ ಆಸೆ ಇಲ್ಲ. ಹಲ್ಲನ್ನು ಬೇರಿನ ಕಡೆ ಮುಟ್ಟದೆ ಬಿಳಿಯ ತುದಿಯಲ್ಲಿ ಹಿಡಿಯಬೇಕು. ಮಣ್ಣಾಗಿದ್ದರೆ ಉಜ್ಜದೆ, ಹಾಲಿನಲ್ಲಿ ಮೆಲ್ಲನೆ ಅದ್ದಿ ತೆಗೆದು, ಮಗು ಎಚ್ಚರವಾಗಿದ್ದು ಒಪ್ಪಿದರೆ, ಅದರ ಗುಳಿಯಲ್ಲಿಯೇ ಸರಿಯಾದ ಮುಖವಾಗಿ ಕೂರಿಸಿ, ಕರವಸ್ತ್ರವನ್ನು ಕಚ್ಚಿಹಿಡಿಯಲು ಹೇಳಿ ವೈದ್ಯರಲ್ಲಿಗೆ ಕರೆದೊಯ್ಯುವುದು ಅತ್ಯುತ್ತಮ. ಧೈರ್ಯ ಸಾಲದಿದ್ದರೆ ತಣ್ಣನೆಯ ಹಾಲಿನ ಲೋಟದಲ್ಲಿ ಹಾಕಿ ಒಯ್ಯಬೇಕು. ಹಾಲು ಶಾಲೆಯ ಅಡುಗೆಮನೆಯಲ್ಲಿಲ್ಲದಿದ್ದರೂ ಹತ್ತಿರದ ಚಹಾದಂಗಡಿಯಲ್ಲಿ ಸಿಕ್ಕೀತು. ನೀರಿನಲ್ಲಿಟ್ಟರೆ ಆ ಜೀವಕೋಶಗಳು ಒಡೆಯುತ್ತವೆ. ಹೊತ್ತು ಮೀರಿದ್ದರೂ ಹಲ್ಲನ್ನು ಎಸೆಯಬಾರದು. ಮುಂದಿನದನ್ನು ವೈದ್ಯರು ನಿರ್ಧರಿಸಲಿ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಲೇಬಾರದು, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಅದರಿಂದ ಅಪಾಯ.

ಇನ್ನು ಚಿಕಿತ್ಸೆಯ ಮಾತು. ಎನಾಮಲ್ ಮಾತ್ರ ಚಕ್ಕೆಯೆದ್ದಿದ್ದರೆ ವೈದ್ಯರು ಅಂಚನ್ನು ನಯಗೊಳಿಸುತ್ತಾರೆ, ಇಲ್ಲವೆ ಹಲ್ಲಿನ ಬಣ್ಣದ ಕಾಂಪೊಸಿಟ್ ರಾಳದಿಂದ ತುಂಬುತ್ತಾರೆ. ಡೆಂಟಿನ್ ತೆರೆದಿದ್ದರೂ ಮದ್ದು ಬಹುಮಟ್ಟಿಗೆ ಇದೇ. ಹಾಲಿನಲ್ಲಿಟ್ಟು ತಂದ ಚೂರು ಸರಿಹೊಂದಿದರೆ ಅದನ್ನೇ ಅಂಟಿಸುತ್ತಾರೆ. ಎನಾಮಲಿನ ಮೇಲ್ಮೈಯನ್ನು ಫಾಸ್ಫಾರಿಕ್ ಆಮ್ಲದಿಂದ ಒರಟುಗೊಳಿಸಿದರೆ ರಾಳ ಬಿಗಿಯಾಗಿ ಅಂಟುತ್ತದೆ ಎಂಬುದನ್ನು 1955ರಲ್ಲಿ ಅಮೆರಿಕದ ಮೈಕಲ್ ಬ್ಯೂನೊಕೋರ್ ತೋರಿಸಿಕೊಟ್ಟರು. ಮುರಿದ ಬಾಚಿಹಲ್ಲನ್ನು ಅರೆದು ಟೊಪ್ಪಿ ಹಾಕದೆಯೇ ಸರಿಪಡಿಸಲು ಈಗ ಸಾಧ್ಯವಾಗಿರುವುದರ ಹಿಂದೆ ಆ ಸರಳ ಪ್ರಯೋಗವಿದೆ.

ದಂತಮಜ್ಜೆ ತೆರೆದಾಗ ಪೋಷಕರು ಎರಡು ಮಾತು ಆಡುತ್ತಾರೆ: “ನರ ತೆಗೆಸಿಬಿಡೋಣ”, “ಕಿತ್ತುಹಾಕಿಸೋಣ”. ಎರಡೂ ಆತುರದವು. ಹಲ್ಲು ಮೂಡಿದ ಮೇಲೆ ಅದರ ಬೇರು ಪೂರ್ತಿಯಾಗಲು ಇನ್ನೂ ಸುಮಾರು ಮೂರು ವರ್ಷ ಬೇಕು. ಎಂಟು ವರ್ಷದ ಮಗುವಿನ ಬಾಚಿಹಲ್ಲಿನ ಬೇರು ಗಿಡ್ಡವಾಗಿ, ತುದಿ ತೆರೆದೇ ಇರುತ್ತದೆ. ಒಳಗಿನ ಜೀವವನ್ನು ಪೂರ್ತಿ ತೆಗೆದರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಂತು ಹಲ್ಲು ದುರ್ಬಲವಾಗುತ್ತದೆ. ಅದಕ್ಕಾಗಿ ವೈದ್ಯರು ತೆರೆದ ಭಾಗದಿಂದ ಸುಮಾರು 2 ಮಿಲಿಮೀಟರ್ ಆಳದಷ್ಟು ಮಜ್ಜೆಯನ್ನು ಮಾತ್ರ ತೆಗೆದು, ಔಷಧಿಯ ಸಿಮೆಂಟಿನಿಂದ ಮುಚ್ಚಿ, ಮೇಲೆ ರಾಳದಿಂದ ಹಲ್ಲನ್ನು ಕಟ್ಟುತ್ತಾರೆ. ಉಳಿದ ಮಜ್ಜೆ ಜೀವಂತವಾಗಿದ್ದು ಬೇರನ್ನು ಬೆಳೆಸುತ್ತದೆ. ಮಜ್ಜೆ ಸತ್ತಿದ್ದರೆ ಮಾತ್ರ ಬೇರುನಾಳದ ಚಿಕಿತ್ಸೆ. ಪಿಂಗಾಣಿಯ ಟೊಪ್ಪಿಯನ್ನು ಸಾಮಾನ್ಯವಾಗಿ ಮಗು ದೊಡ್ಡದಾದ ಮೇಲೆ ಹಾಕುತ್ತಾರೆ. ದವಡೆಗೆ ತಿರುಪು ಹಾಕಿ ಕೂರಿಸುವ ಕೃತಕ ಹಲ್ಲು ದವಡೆಯ ಬೆಳವಣಿಗೆ ಮುಗಿಯುವವರೆಗೆ ಸಲ್ಲದು. ಹೀಗಾಗಿ ಮೂಲ ಹಲ್ಲನ್ನು ಕೆಲವು ವರ್ಷವಾದರೂ ಕಾಪಾಡಿಕೊಳ್ಳುವುದಕ್ಕೆ ಬಹಳ ಬೆಲೆಯಿದೆ.

ಹೊರಗೆ ಮುರಿಯದೆ ಅಲುಗಾಡುವ ಹಲ್ಲನ್ನೂ ತೋರಿಸಬೇಕು. ಬೇರು ಒಳಗೆ ಮುರಿದಿರುವುದು ಎಕ್ಸ್‌ರೇಯಲ್ಲಿ ಮಾತ್ರ ತಿಳಿಯುತ್ತದೆ. ಆಗ ಪಕ್ಕದ ಹಲ್ಲುಗಳಿಗೆ ತೆಳುತಂತಿಯಿಂದ ಸಾಮಾನ್ಯವಾಗಿ ನಾಲ್ಕು ವಾರ ಬಿಗಿಯುತ್ತಾರೆ. ಕಳಚಿ ಮರಳಿ ಕೂರಿಸಿದ ಹಲ್ಲಿಗೆ ಎರಡು ವಾರ ಸಾಕು. ಎನಾಮಲಿನಲ್ಲಿ ಕೂದಲಿನಂಥ ಬಿರುಕಷ್ಟೇ ಇದ್ದರೆ ಬಹುಪಾಲು ಚಿಕಿತ್ಸೆಯೇ ಬೇಡ. ದವಡೆಹಲ್ಲಿನ ಬಿರುಕು ಹೆಚ್ಚಾಗಿ ದೊಡ್ಡವರ ತೊಂದರೆ: ಅಡಿಕೆಯನ್ನೋ ಅನ್ನದ ಕಲ್ಲನ್ನೋ ಕಚ್ಚಿದ ಮೇಲೆ, ಅಗಿದು ಬಿಟ್ಟಾಗ ಚುಳುಕೆನ್ನುವ ನೋವು ಅದರ ಗುರುತು. ಅದಕ್ಕೆ ಟೊಪ್ಪಿಯೇ ರಕ್ಷೆ. ಬಿರುಕು ಬೇರಿನ ಆಳಕ್ಕಿಳಿದಿದ್ದರೆ ಕೀಳಿಸದೆ ಗತ್ಯಂತರವಿಲ್ಲ.

ಕಾಸರಗೋಡು, ಮಂಜೇಶ್ವರದ ಶಾಲೆಗಳಲ್ಲಿ ಭಾಷೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ತುಳು ಮಾತಾಡುವ ಮಗು ‘ಕೂಲಿ’ ಎಂದರೆ ಹಲ್ಲು, ದಿನಗೂಲಿಯಲ್ಲ. ಕೊಂಕಣಿಯ ಮಗುವಿಗೆ ಅದು ‘ದಾಂತು’. ಆಸ್ಪತ್ರೆಯಲ್ಲಿ ಕೇಳುವ ಮಲಯಾಳದ ‘ಪಲ್ಲ್’ ಮಾತ್ರ ಕನ್ನಡಿಗರಿಗೆ ದೂರದ್ದಲ್ಲ, ಹಳಗನ್ನಡದ ‘ಪಲ್’ ಅದೇ. ಪಕಾರ ಹಕಾರವಾದುದನ್ನು ಕಲಿಸುವ ವ್ಯಾಕರಣ ಪಾಠಕ್ಕೆ ಇದೊಂದು ಜೀವಂತ ಉದಾಹರಣೆ. ನೋವಿನಲ್ಲಿರುವ ಮಗು ಪರಭಾಷೆಯ ಪ್ರಶ್ನೆಗಳಿಗೆ ಸುಮ್ಮನೆ ತಲೆಯಾಡಿಸುವುದುಂಟು. ಆದುದರಿಂದ ಬಿದ್ದ ಹೊತ್ತು, ಬಿದ್ದ ಸ್ಥಳ, ಚೂರನ್ನು ಯಾವುದರಲ್ಲಿ ಇಡಲಾಗಿದೆ, ಧನುರ್ವಾತದ ಚುಚ್ಚುಮದ್ದು ಯಾವಾಗ ಆಗಿದೆ ಎಂಬುದನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಒಂದು ಚೀಟಿಯಲ್ಲಿ ಬರೆದು ಮಗುವಿನ ಜೊತೆ ಕಳುಹಿಸುವುದು ಉಚಿತ. ಹಿಂದಿರುಗಿ ಬಂದ ವೈದ್ಯರ ಸೂಚನೆಯನ್ನು ಪೋಷಕರಿಗೆ ಕನ್ನಡದಲ್ಲಿ ಓದಿ ಹೇಳಬೇಕು.

ನೋವು ನಿಂತೊಡನೆ ಪೋಷಕರು ಮರುತಪಾಸಣೆಯನ್ನು ಮರೆಯುವುದೇ ಹೆಚ್ಚು. ಪೆಟ್ಟುಬಿದ್ದ ಹಲ್ಲು ತಿಂಗಳುಗಳ ತರುವಾಯ ಬೂದುಬಣ್ಣಕ್ಕೆ ತಿರುಗಬಹುದು, ಒಸಡಿನಲ್ಲಿ ಕೀವಿನ ಗುಳ್ಳೆ ಏಳಬಹುದು. ಸುಮಾರು ಎರಡು ತಿಂಗಳಿಗೊಮ್ಮೆ, ಮತ್ತೆ ವರ್ಷ ತುಂಬಿದಾಗ ತೋರಿಸಬೇಕು. ಅಷ್ಟರಲ್ಲಿ ಮಗು ಮುಂದಿನ ತರಗತಿಗೆ ಹೋಗಿರುತ್ತದೆ. ಆದ ಗಾಯದ ದಿನಾಂಕವನ್ನು ಆರೋಗ್ಯ ದಾಖಲೆಯಲ್ಲಿ ಬರೆದಿಟ್ಟು ಆ ತರಗತಿಯ ಶಿಕ್ಷಕರಿಗೆ ಒಪ್ಪಿಸತಕ್ಕದ್ದು.