ಆ್ಯಸಿಡ್ ಬಾಟಲಿಯ ಹೊಣೆ ಯಾರದು?

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಕಂದು ಉಂಗುರದ ಪರೀಕ್ಷೆ ನೆನಪಿರುತ್ತದೆ. ನೈಟ್ರೇಟ್ ಲವಣದ ದ್ರಾವಣಕ್ಕೆ ಫೆರಸ್ ಸಲ್ಫೇಟ್ ಬೆರೆಸಿ, ಟೆಸ್ಟ್‌ಟ್ಯೂಬನ್ನು ಓರೆಯಾಗಿ ಹಿಡಿದು, ಒಳಗೋಡೆಗುಂಟ ಪ್ರಬಲ ಸಲ್ಫ್ಯೂರಿಕ್ ಆ್ಯಸಿಡ್ ಇಳಿಬಿಟ್ಟರೆ ಎರಡು ದ್ರವಗಳು ಕೂಡುವಲ್ಲಿ ಕಂದು ಉಂಗುರ ಮೂಡುತ್ತದೆ. ಹದಿನಾರು, ಹದಿನೇಳರ ಮಕ್ಕಳ ಕೈಗೆ ಬರುವ ಈ ಆ್ಯಸಿಡ್‌ನ ಸಾಂದ್ರತೆ ಶೇ 98ರಷ್ಟು. ಚರ್ಮದ ಮೇಲೆ ಬಿದ್ದರೆ ಅದು ನೀರಿನಂಶವನ್ನು ಹೀರಿ, ಆಗ ಹುಟ್ಟುವ ಬಿಸಿಯಿಂದಲೂ ಸುಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಧಾರವಾಡವನ್ನು ವಿದ್ಯಾಕಾಶಿ ಎನ್ನುತ್ತೇವೆ. ಇಲ್ಲಿನ ಪಿಯು ಕಾಲೇಜುಗಳಿಂದ ಹಿಡಿದು ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನವರೆಗೆ ಪ್ರಯೋಗಾಲಯಗಳಿಗೆ ಲೆಕ್ಕವಿಲ್ಲ. ಎಲ್ಲಾದರೂ ಅವಘಡವಾದರೆ ಮೊದಲು ಕೇಳಿಬರುವ ಮಾತು ‘ಹುಡುಗ ನೋಡಿಕೊಂಡು ಮಾಡಬೇಕಿತ್ತು’ ಎಂಬುದು. ಕಾನೂನು ಕೇಳುವುದು ಬೇರೆಯೇ: ಬಾಟಲಿ ಯಾರ ಸುಪರ್ದಿಯಲ್ಲಿತ್ತು, ಅದರ ಲೆಕ್ಕ ಎಲ್ಲಿದೆ?

ಸುಪ್ರೀಂ ಕೋರ್ಟ್ ಹಾಕಿದ ಕಟ್ಟುಪಾಡು

1999ರಲ್ಲಿ ಬೆಂಗಳೂರಿನಲ್ಲಿ ಯುವತಿಯೊಬ್ಬರ ಮೇಲೆ ಆಕೆಯ ಹಿಂದಿನ ಮಾಲೀಕನೇ ಆ್ಯಸಿಡ್ ಎರಚಿದ. 2006ರಲ್ಲಿ ಕರ್ನಾಟಕ ಹೈಕೋರ್ಟ್ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ವರ್ಷ ದೆಹಲಿಯ ಸಂತ್ರಸ್ತೆಯೊಬ್ಬರು ಆ್ಯಸಿಡ್ ಮಾರಾಟಕ್ಕೇ ಲಗಾಮು ಹಾಕಬೇಕೆಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ‘ಲಕ್ಷ್ಮಿ ವಿರುದ್ಧ ಭಾರತ ಸರ್ಕಾರ’ ಎಂದು ಹೆಸರಾದ ಆ ಪ್ರಕರಣದಲ್ಲಿ ನ್ಯಾಯಾಲಯ 2013ರ ಜುಲೈ 18ರಂದು ನೀಡಿದ ನಿರ್ದೇಶನಗಳು ಅಂಗಡಿಗಳಿಗಷ್ಟೇ ಅಲ್ಲ, ಪ್ರಯೋಗಾಲಯಗಳಿಗೂ ಅನ್ವಯಿಸುತ್ತವೆ.

ಅಂಗಡಿಯವರು ಕೊಳ್ಳುವವರ ಹೆಸರು, ವಿಳಾಸ, ಪ್ರಮಾಣವನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು. ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ನೋಡಬೇಕು, ಏತಕ್ಕೆ ಬೇಕೆಂದು ಕೇಳಬೇಕು. 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ದಾಸ್ತಾನಿನ ವಿವರವನ್ನು 15 ದಿನಗಳೊಳಗೆ ಉಪವಿಭಾಗಾಧಿಕಾರಿಗೆ, ಅಂದರೆ ನಮ್ಮಲ್ಲಿ ಎ.ಸಿ. ಎನ್ನುವ ಅಧಿಕಾರಿಗೆ, ಕೊಡಬೇಕು.

ಶಿಕ್ಷಣ ಸಂಸ್ಥೆ, ಸಂಶೋಧನಾಲಯ, ಆಸ್ಪತ್ರೆಗಳು ಆ್ಯಸಿಡ್ ಬಳಕೆಯ ರಿಜಿಸ್ಟರ್ ಇಟ್ಟು ಅದನ್ನು ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು. ಸುರಕ್ಷಿತವಾಗಿ ಇಡುವ ಹೊಣೆಯನ್ನು ಒಬ್ಬ ವ್ಯಕ್ತಿಗೆ ವಹಿಸಬೇಕು. ಪ್ರಯೋಗಾಲಯದಿಂದ ಹೊರಹೋಗುವ ವಿದ್ಯಾರ್ಥಿ, ಸಿಬ್ಬಂದಿಯನ್ನು ತಪಾಸಣೆ ಮಾಡಬೇಕು. ನಿರ್ದೇಶನ ಮುರಿದವರಿಗೆ ಉಪವಿಭಾಗಾಧಿಕಾರಿ ₹50,000ವರೆಗೆ ದಂಡ ಹಾಕಬಹುದು.

ಅಂಗಡಿಯವನು ಹದಿನೇಳರ ಹುಡುಗನಿಗೆ ಮಾರಲಾಗದ ವಸ್ತುವನ್ನೇ ಕಾಲೇಜು ಅವನ ಕೈಗೆ ಕೊಡುತ್ತದೆ. ಪಾಠಕ್ಕಾಗಿ ಕೊಡುವುದು ತಪ್ಪಲ್ಲ. ಆದರೆ ಅಂಗಡಿಯವನಿಗಿರಬೇಕಾದ ಎಚ್ಚರಕ್ಕಿಂತ ಕಾಲೇಜಿನ ಎಚ್ಚರ ಒಂದು ಕೈ ಹೆಚ್ಚೇ ಇರಬೇಕು.

ಬಾಟಲಿಯ ಮೇಲೆ ಹೆಸರಿರಲಿ

ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ಸುರಿದು, ಚೀಟಿ ಅಂಟಿಸದೆ ಮೇಜಿನ ಮೇಲಿಡುವುದು ಹಲವೆಡೆಯ ರೂಢಿ. ಇದು ಅಪಾಯಕಾರಿ. ಸಲ್ಫ್ಯೂರಿಕ್ ಆ್ಯಸಿಡ್ ಬಿದ್ದ ತಕ್ಷಣ ಉರಿಯುತ್ತದೆ. ಸಂಶೋಧನಾಲಯಗಳಲ್ಲಿ ಬಳಸುವ ಹೈಡ್ರೋಫ್ಲೋರಿಕ್ ಆ್ಯಸಿಡ್ ಹಾಗಲ್ಲ. ತೆಳುವಾಗಿದ್ದರೆ ನೋವು ಗಂಟೆಗಳ ನಂತರ ಕಾಣಿಸಬಹುದು, ಅಷ್ಟರಲ್ಲಿ ಅದು ಚರ್ಮದೊಳಗೆ ಇಳಿದು ರಕ್ತದ ಕ್ಯಾಲ್ಸಿಯಂ ಕುಸಿಯುವಂತೆ ಮಾಡಿರುತ್ತದೆ. ಅದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಚಿಕಿತ್ಸೆ ಬೇಕು. ಬಿದ್ದದ್ದು ಯಾವುದೆಂದು ಹೇಳಲಾಗದಿದ್ದರೆ ವೈದ್ಯರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಇಂಥ ರಾಸಾಯನಿಕಗಳ ಪಾತ್ರೆಗೆ ಹೆಸರುಚೀಟಿ, ಜೊತೆಗೆ ಸುರಕ್ಷತಾ ಮಾಹಿತಿ ಪತ್ರ ಇರಬೇಕೆನ್ನುತ್ತವೆ. ಕಾಲೇಜು ರಾಸಾಯನಿಕ ಕೊಳ್ಳುವಾಗಲೇ ಈ ಪತ್ರವನ್ನು ಕೇಳಿ ಪಡೆದು, ಮುಖ್ಯ ಅಂಶಗಳನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಹಾಕಬೇಕು. ಬಾಟಲಿ ತೊಳೆಯುವ ಅಟೆಂಡರ್‌ಗೆ ಇಂಗ್ಲಿಷ್ ಹಾಳೆಯಿಂದ ಉಪಯೋಗವಿಲ್ಲ.

ಮೈಮೇಲೆ ಬಿದ್ದರೆ

• ತಕ್ಷಣ ಹರಿಯುವ ನೀರಿನ ಕೆಳಗೆ ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ. ಆ್ಯಸಿಡ್ ತಾಗಿದ ಬಟ್ಟೆಯನ್ನು ತೊಳೆಯುತ್ತಲೇ ತೆಗೆಯಿರಿ.
• ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ತೊಳೆಯಿರಿ. ಉಜ್ಜಬೇಡಿ.
• ಸೋಡಾ, ಪೇಸ್ಟ್, ಅರಿಶಿನ ಹಚ್ಚಬೇಡಿ.
• ನುಂಗಿದ್ದರೆ ವಾಂತಿ ಮಾಡಿಸಬೇಡಿ. ಬರುವಾಗ ಅದು ಗಂಟಲನ್ನು ಇನ್ನೊಮ್ಮೆ ಸುಡುತ್ತದೆ.
• 108ಕ್ಕೆ ಕರೆ ಮಾಡಿ. ಬಾಟಲಿಯ ಚೀಟಿಯ ಫೋಟೊ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ, ಠಾಣೆಯಲ್ಲಿ

‘ಪೊಲೀಸ್ ಕೇಸು, ಮೊದಲು ಠಾಣೆಗೆ ಹೋಗಿ’ ಎಂದು ಯಾವ ಆಸ್ಪತ್ರೆಯೂ ವಾಪಸು ಕಳಿಸುವಂತಿಲ್ಲ. ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಯಾರಾದರೂ ಬೇಕೆಂದೇ ಆ್ಯಸಿಡ್ ಎರಚಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕು. ಕೊಡದವರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಆಸ್ಪತ್ರೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಗಿದೆಯೇ ಎಂದು ಕೇಳಿ. ಗಾಯದ ಪ್ರಮಾಣಪತ್ರಕ್ಕೆ ಅದೇ ಆಧಾರ. ನಂತರ ಲಿಖಿತ ದೂರು ಕೊಡಿ. ಪ್ರಯೋಗಾಲಯದ ಅವಘಡವಾದರೆ ದೂರಿನಲ್ಲಿ ಮೂರು ಸಂಗತಿ ಇರಲಿ: ಆಗ ಯಾರ ಉಸ್ತುವಾರಿಯಿತ್ತು, ಕನ್ನಡಕ, ಕೈಗವಸು ಕೊಟ್ಟಿದ್ದರೇ, ಬಾಟಲಿಗೆ ಹೆಸರುಚೀಟಿ ಇತ್ತೇ. ಘಟನೆ ನಡೆದದ್ದು ಧಾರವಾಡ, ನೀವಿರುವುದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಂದಾದರೂ ಹತ್ತಿರದ ಠಾಣೆ ದೂರು ಸ್ವೀಕರಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ದೂರು ತೆಗೆದುಕೊಳ್ಳದಿದ್ದರೆ ಅಂಚೆ ಮೂಲಕ ಪೊಲೀಸ್ ಆಯುಕ್ತರ ಕಚೇರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 286ನೇ ಕಲಮು ವಿಷವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವರಿಗೆ 6 ತಿಂಗಳವರೆಗೆ ಜೈಲು ಅಥವಾ ₹5,000ವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಬೇಕೆಂದೇ ಎರಚಿ ಗಾಯಗೊಳಿಸುವುದು 124ನೇ ಕಲಮಿನಡಿ ಬರುತ್ತದೆ. ಅದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ.

ಪರಿಹಾರ

ಆ್ಯಸಿಡ್ ದಾಳಿಗೆ ಒಳಗಾದವರಿಗೆ ಕನಿಷ್ಠ ₹3 ಲಕ್ಷ ಪರಿಹಾರ ಸಿಗಬೇಕು. ಇದರಲ್ಲಿ ₹1 ಲಕ್ಷವನ್ನು 15 ದಿನಗಳೊಳಗೆ ಕೊಡಬೇಕು. ಅರ್ಜಿ ಸಲ್ಲಿಸಬೇಕಾದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಪ್ರಯೋಗಾಲಯದ ನಿರ್ಲಕ್ಷ್ಯದಿಂದ ಗಾಯವಾಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ ಹೂಡಬಹುದು. ಸರ್ಕಾರಿ ಸಂಸ್ಥೆಯಾಗಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿಗೂ ಅವಕಾಶವಿದೆ. ಗಾಯಗೊಂಡವರು ಅಟೆಂಡರ್ ಅಥವಾ ಲ್ಯಾಬ್ ಸಹಾಯಕರಾಗಿದ್ದರೆ ಇಎಸ್‌ಐ ಅಥವಾ ನೌಕರರ ಪರಿಹಾರದ ದಾರಿ ಬೇರೆಯೇ ಇದೆ. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಚರಂಡಿಗೆ ಸುರಿದರೆ

ಆಸ್ಪತ್ರೆ ಮತ್ತು ರೋಗಪತ್ತೆ ಲ್ಯಾಬ್‌ಗಳು ಬಳಸಿದ ಫಾರ್ಮಲಿನ್‌ನಂಥ ರಾಸಾಯನಿಕವನ್ನು ನೇರ ಚರಂಡಿಗೆ ಬಿಡುವುದಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಅಡ್ಡಿಯಿದೆ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಇಂಥದ್ದು ಕಂಡರೆ ಫೋಟೊ, ದಿನಾಂಕ, ಸ್ಥಳದೊಡನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಅವಘಡಕ್ಕೆ ಮೊದಲೇ ಕೇಳಿ

2022ರ ಜುಲೈನಲ್ಲಿ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಕಿಡಿ ಉಗುಳುವ ಮೇಣದಬತ್ತಿ ತಯಾರಿಸುತ್ತಿದ್ದ ಘಟಕಕ್ಕೆ ಬೆಂಕಿ ಬಿದ್ದು ಕಾರ್ಮಿಕರು ಜೀವ ಕಳೆದುಕೊಂಡರು. ಪರವಾನಗಿ ಇತ್ತೇ, ಇರಲಿಲ್ಲವೇ ಎಂಬ ಪ್ರಶ್ನೆ ಎದ್ದದ್ದು ಆಮೇಲೆ. ಪ್ರಯೋಗಾಲಯದ ವಿಷಯದಲ್ಲಿ ಆ ಪ್ರಶ್ನೆಯನ್ನು ಮೊದಲೇ ಕೇಳಲು ಸಾಧ್ಯ.

ಪೋಷಕರ ಸಭೆಯಲ್ಲಿ ನಾಲ್ಕು ಮಾತು ಕೇಳಿ: ಆ್ಯಸಿಡ್ ರಿಜಿಸ್ಟರ್ ಇದೆಯೇ? ಹೊಣೆ ಹೊತ್ತವರ ಹೆಸರೇನು? ಕಣ್ಣು ತೊಳೆಯಲು ನಲ್ಲಿಯಲ್ಲಿ ನೀರು ಬರುತ್ತದೆಯೇ? ಎಲ್ಲ ಮಕ್ಕಳಿಗೂ ಸುರಕ್ಷತಾ ಕನ್ನಡಕ ಇದೆಯೇ? ಸರ್ಕಾರಿ ಅಥವಾ ಅನುದಾನಿತ ಕಾಲೇಜು ಉತ್ತರಿಸದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕದೊಡನೆ ರಿಜಿಸ್ಟರ್‌ನ ಪ್ರತಿ ಕೇಳಿ; 30 ದಿನಗಳಲ್ಲಿ ಉತ್ತರ ಬರಬೇಕು. ಖಾಸಗಿ ಕಾಲೇಜಾದರೆ ಅದು ಸಲ್ಲಿಸಿರಬೇಕಾದ ವಿವರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದಲೇ ಕೇಳಬಹುದು. ‘ಅಂಥ ದಾಖಲೆ ನಮ್ಮಲ್ಲಿಲ್ಲ’ ಎಂಬ ಹಿಂಬರಹ ಬಂದರೂ ಶ್ರಮ ವ್ಯರ್ಥವಲ್ಲ. ಕಾಲೇಜಿನ ಮೇಲೆ ಕ್ರಮ ಕೋರಿ ಅದೇ ಅಧಿಕಾರಿಗೆ ದೂರು ಬರೆಯಲು ಆ ಒಂದು ಹಾಳೆ ಸಾಕು.